ಹಳದಿ ಚೆಂಡೋ, ಕೆಂಪು ಚೆಂಡೋ?

ಮಂಗಳೂರಿನಲ್ಲಿ ಮಗುವನ್ನು ಟೆನಿಸ್‌ಗೆ ಸೇರಿಸಲು ಹೊರಟಾಗ ನಮಗೆ ಎರಡು ಬಗೆಯ ತರಗತಿಗಳು ಸಿಕ್ಕವು. ಒಂದರಲ್ಲಿ ಮೊದಲ ದಿನದಿಂದಲೇ ದೊಡ್ಡವರ ಅಂಕಣ, ದೊಡ್ಡವರ ಹಳದಿ ಚೆಂಡು. ಇನ್ನೊಂದರಲ್ಲಿ ಕೆಂಪು, ಕಿತ್ತಳೆ, ಹಸಿರು ಚೆಂಡುಗಳೆಂದು ಹಂತಹಂತವಾಗಿ ಹತ್ತಿಸುತ್ತಾರೆ. ಮಗಳು ಕಲಿತದ್ದು ಮನೆಗೆ ಹತ್ತಿರವಿದ್ದ ಮೊದಲನೆಯದರಲ್ಲಿ, ಮಗ ಎರಡನೆಯದರಲ್ಲಿ. ಇಬ್ಬರೂ ಏಳರ ಆಸುಪಾಸಿನಲ್ಲೇ ಆರಂಭಿಸಿದವರು.

ಹಳದಿ ಚೆಂಡಿನ ತಕರಾರು ಇರುವುದು ಅದರ ಪುಟಿತದಲ್ಲಿ. ನಿಯಮದಂತೆ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ಮೇಲೇಳಬೇಕು. ಏಳು ವರ್ಷದ ಮಗುವಿನ ಎತ್ತರವೇ ಸುಮಾರು 120! ಮಗಳಿಗೆ ಹೆಚ್ಚಿನ ಚೆಂಡುಗಳು ಭುಜಕ್ಕಿಂತ ಮೇಲೆಯೇ ಬರುತ್ತಿದ್ದವು. ಅವನ್ನು ಹೊಡೆಯಲು ಅವಳ ಅಂಗೈ ತಾನಾಗಿ ರ‍್ಯಾಕೆಟ್ ಹಿಡಿಯ ಅಡಿಗೆ ಸರಿಯುತ್ತಿತ್ತು. ಕೋಚ್ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಿಯಾಗಿ ಕೂರಿಸುತ್ತಿದ್ದರು. ಮುಂದಿನ ಚೆಂಡು ಬರುವಷ್ಟರಲ್ಲಿ ಕೈ ಮತ್ತೆ ಅಲ್ಲಿಯೇ. ಉಳಿದ ಹೊತ್ತು ಸಾಲಿನಲ್ಲಿ ನಿಂತು ಸರದಿ ಕಾಯುವುದು, ಬುಟ್ಟಿ ಖಾಲಿಯಾದ ಮೇಲೆ ಚೆಂಡು ಹೆಕ್ಕುವುದು. ಆದರೂ ಒಂದು ಮಾತು ಒಪ್ಪಬೇಕು: ಓಡಿ ಓಡಿ ಅವಳ ಕಾಲು ಗಟ್ಟಿಯಾಯಿತು, ಚೆಂಡನ್ನು ಹೆದರದೆ ಬೀಸಿ ಹೊಡೆಯುತ್ತಾಳೆ.

ಕೆಂಪು ಚೆಂಡು ಗಾತ್ರದಲ್ಲಿ ತುಸು ದೊಡ್ಡದು, ವೇಗದಲ್ಲಿ ಹಳದಿಗಿಂತ ಸುಮಾರು ಶೇ. 75ರಷ್ಟು ನಿಧಾನ. ಅಂಕಣ ಹೆಚ್ಚುಕಡಿಮೆ 11 ಮೀಟರ್ ಉದ್ದ, ಐದೂವರೆ ಮೀಟರ್ ಅಗಲ. ನೆಟ್ 80 ಸೆಂಟಿಮೀಟರ್. ಚೆಂಡು ಸೊಂಟದ ಮಟ್ಟಕ್ಕೆ ಬರುವುದರಿಂದ ಮಗನ ಹಿಡಿತ ಕೆಡಲೇ ಇಲ್ಲ. ಅದಕ್ಕಿಂತ ದೊಡ್ಡ ಲಾಭವೆಂದರೆ, ಮಕ್ಕಳು ಬೇಗನೆ ಪರಸ್ಪರ ಆಡತೊಡಗಿದರು. ನೆಟ್ಟಿನ ಆಚೀಚೆ ನಿಂತು “ಒಂಜಿ, ರಡ್ಡ್, ಮೂಜಿ” ಎಂದು ತುಳುವಿನಲ್ಲಿ ಎಣಿಸುತ್ತಾ, ಚೆಂಡು ತಪ್ಪದಂತೆ ಒಬ್ಬರಿಗೊಬ್ಬರು ಹೊಡೆಯುವ ರ‍್ಯಾಲಿ ಬೆಳೆಸುವ ಹುಮ್ಮಸ್ಸು ಮಗಳ ತರಗತಿಯಲ್ಲಿ ನನಗೆ ಕಂಡಿರಲಿಲ್ಲ.

ಇನ್ನು ನಮ್ಮ ಮಳೆ. ಜೂನ್ ಬಂತೆಂದರೆ ಮಗಳ ತರಗತಿಗೆ ಬೀಗ. ತುಳುವರ ಆಟಿ ತಿಂಗಳು ಕಳೆದು ಅಂಕಣ ಒಣಗುವ ಹೊತ್ತಿಗೆ ಕಲಿತದ್ದರಲ್ಲಿ ಅರ್ಧ ಮರೆತಿರುತ್ತಿತ್ತು. ಬ್ಯಾಡ್ಮಿಂಟನ್ ಅಂಕಣದ ಅಳತೆ 13.4 ಮೀಟರ್‌ಗೆ 6.1 ಮೀಟರ್, ಅಂದರೆ ಕೆಂಪು ಹಂತದ ಅಂಕಣ ಅದರೊಳಗೆ ಸಲೀಸಾಗಿ ಕೂರುತ್ತದೆ. ಮಗನ ಕೋಚ್ ಮಳೆಗಾಲವಿಡೀ ಒಳಾಂಗಣದಲ್ಲಿ ತಗ್ಗಿನ ನೆಟ್ ಕಟ್ಟಿ, ಸ್ಪಂಜಿನ ಚೆಂಡು ಹಿಡಿದು ಪಾಠ ಮುಂದುವರಿಸಿದರು. ಕರಾವಳಿಯವರಿಗೆ ಈ ಒಂದು ಕಾರಣವೇ ಸಾಕು ಎನ್ನುವವನು ನಾನು.

ರ‍್ಯಾಕೆಟ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೆಳೆಯುವ ಮಗುವೆಂದು ಶಾಲೆಯ ಸಮವಸ್ತ್ರದಂತೆ ದೊಡ್ಡದನ್ನು ಕೊಳ್ಳಬೇಡಿ; ಏಳರ ವಯಸ್ಸಿಗೆ 21 ಅಥವಾ 23 ಇಂಚು ಸಾಕು.

ಮಗನ ತರಗತಿ ಎಡವಿದ್ದು ಕಿತ್ತಳೆಯಲ್ಲಿ. ಶೇ. 50ರಷ್ಟು ನಿಧಾನದ ಚೆಂಡು, 18 ಮೀಟರ್ ಉದ್ದ ಮತ್ತು 6.5 ಮೀಟರ್ ಅಗಲದ ಅಂಕಣ ಎಂಬುದು ಪದ್ಧತಿ. ಅಲ್ಲಿ ಚೆಂಡು ಬಂತು, ಗೆರೆ ಬರಲಿಲ್ಲ. 23.77 ಮೀಟರಿನ ಪೂರ್ಣ ಅಂಕಣಕ್ಕೇ ಮಕ್ಕಳನ್ನು ಬಿಟ್ಟರು, ರ‍್ಯಾಲಿಗಳು ಮತ್ತೆ ಎರಡು ಮೂರು ಹೊಡೆತಕ್ಕೆ ಇಳಿದವು. ಇದರಲ್ಲಿ ಪೋಷಕರ ಪಾಲೂ ಇದೆ. “ನಿಮ್ಮವನಿಗೆ ಇನ್ನೂ ಬಣ್ಣದ ಚೆಂಡೇ?” ಎಂಬ ಪ್ರಶ್ನೆ ಬೆಂಚಿನ ಮೇಲೆ ಕುಳಿತವರಿಂದಲೇ ಬರುತ್ತದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡನ್ನೇ ನಿಷೇಧಿಸಿದೆ ಎಂದರೆ ನಂಬುವವರು ಕಡಿಮೆ.

ಹತ್ತು ದಾಟಿದ ಮಗುವಾದರೆ ನೇರವಾಗಿ ಹಸಿರಿನಿಂದ ಆರಂಭಿಸಬಹುದು. ಅದು ಹಳದಿಗಿಂತ ಶೇ. 25ರಷ್ಟು ಮಾತ್ರ ನಿಧಾನ, ಅಂಕಣ ಪೂರ್ತಿ. ಚಿಕ್ಕವರಿಗೆ ನನ್ನ ಮತ ಕೆಂಪಿಗೇ. ಶುಲ್ಕ ಕಟ್ಟುವ ಮುನ್ನ ಅಂಕಣಕ್ಕೆ ಹೋಗಿ ಕಿತ್ತಳೆ ಹಂತದ ಗೆರೆಗಳನ್ನು ಎಲ್ಲಿ ಎಳೆಯುತ್ತಾರೆಂದು ತೋರಿಸಲು ಹೇಳಿ.