ಬೇಡದ ಪ್ಯಾಕೇಜ್ ತೆಗೆಯೋಕೆ ಕ್ನಿಪ್: ಬಳಸಿ ನೋಡಿದ ಮೇಲೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನ ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ರಿಯಾಕ್ಟ್ (ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸಿ ಮಾಡಿದ ಸೈಟನ್ನು ನೋಡಿಕೊಳ್ಳುತ್ತೇನೆ. ಅದರಲ್ಲಿದ್ದ ದರದ ಚಾರ್ಟು ಯಾವತ್ತೋ ಹೋಯಿತು. ಚಾರ್ಟಿನ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಕೋಡು) ಮಾತ್ರ ಪ್ಯಾಕೇಜುಗಳ ಪಟ್ಟಿ ಇರುವ ಪ್ಯಾಕೇಜ್.ಜೇಸನ್ ಫೈಲಿನಲ್ಲೇ ಉಳಿದಿತ್ತು. ಇಂಥವನ್ನು ಹುಡುಕಿ ಕೊಡುವ ಟೂಲೇ ಕ್ನಿಪ್.

ಇದಕ್ಕೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಎನ್‌ಪಿಎಂನ ಪ್ರೂನ್ ಕಮಾಂಡ್ ಸಾಲದು. ಪ್ಯಾಕೇಜ್.ಜೇಸನ್‌ಗೆ ಸಂಬಂಧವೇ ಇಲ್ಲದೆ ಇನ್‌ಸ್ಟಾಲ್ ಆದ ಪ್ಯಾಕೇಜುಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಉಳಿದದ್ದನ್ನಷ್ಟೇ ಅದು ತೆಗೆಯುತ್ತದೆ. ಪಟ್ಟಿಯಲ್ಲಿದ್ದೂ ಯಾರೂ ಬಳಸದ ಪ್ಯಾಕೇಜನ್ನು ಮುಟ್ಟುವುದಿಲ್ಲ. ಕ್ನಿಪ್ ಹಾಗಲ್ಲ, ಕೋಡನ್ನೇ ಓದುತ್ತದೆ. ಸೈಟ್ ಬಿಲ್ಡ್ ಮಾಡುವ ವೀಟ್, ಕೋಡಿನ ತಪ್ಪು ಹುಡುಕುವ ಇಎಸ್‌ಲಿಂಟ್ ಇವುಗಳ ಕಾನ್ಫಿಗ್ ಫೈಲುಗಳನ್ನೂ ನೋಡುತ್ತದೆ. ಹಣ ಕೊಡಬೇಕಿಲ್ಲ, ಎನ್‌ಪಿಎಂ ಜೊತೆಗೇ ಬರುವ ಎನ್‌ಪಿಎಕ್ಸ್ ಕಮಾಂಡಿನಿಂದ ನೇರವಾಗಿ ಓಡಿಸಬಹುದು.

ನನಗೆ ಜಾಸ್ತಿ ಹಿಡಿಸಿದ್ದು ಅದು ಕೊಡುವ ಇನ್ನೊಂದು ಪಟ್ಟಿ: ಕೋಡಿನಲ್ಲಿ ಬಳಸಿದ್ದರೂ ಪ್ಯಾಕೇಜ್.ಜೇಸನ್‌ನಲ್ಲಿ ಬರೆಯದೇ ಇರುವ ಪ್ಯಾಕೇಜುಗಳು. ನಾವು ಬಟನ್, ಟೇಬಲ್ಲುಗಳಂಥ ಸಿದ್ಧ ಭಾಗಗಳನ್ನು ಕೊಡುವ ಆಂಟ್ ಡಿಸೈನ್ 5 ಪ್ಯಾಕೇಜನ್ನು ತೆಗೆಯಬೇಕಿತ್ತು. ದರಪಟ್ಟಿಯ ಫೈಲಿನಲ್ಲಿ ಯಾರೋ ದಿನಾಂಕ ನಿಭಾಯಿಸುವ ಡೇಜೆಎಸ್ ಪ್ಯಾಕೇಜನ್ನು ಇಂಪೋರ್ಟ್ ಮಾಡಿದ್ದರು, ಆದರೆ ಅದನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿರಲಿಲ್ಲ. ಆಂಟ್ ಡಿಸೈನ್‌ಗೆ ಡೇಜೆಎಸ್ ಬೇಕು, ಹಾಗಾಗಿ ಅದರ ಜೊತೆಗೇ ಬಂದು ಕೂತಿತ್ತು. ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದ್ದರೆ ಎರಡೂ ಹೋಗಿ ಬಿಲ್ಡ್ ನಿಲ್ಲುತ್ತಿತ್ತು. ಕ್ನಿಪ್ ಫೈಲಿನ ಹೆಸರು ಸಮೇತ ತೋರಿಸಿತು. ಮೊದಲು ಡೇಜೆಎಸ್ ಸೇರಿಸಿ, ಆಮೇಲೆ ಆಂಟ್ ಡಿಸೈನ್ ತೆಗೆದೆವು. ಇಷ್ಟು ಮಾಡಿಕೊಟ್ಟರೆ ಸಾಕಲ್ವಾ?

ಕೊರತೆಯೂ ಇದೆ. ನೋಟೊ ಸಾನ್ಸ್ ಕನ್ನಡ ಫಾಂಟಿನ ಪ್ಯಾಕೇಜನ್ನು ನಾವು ಸಿಎಸ್‌ಎಸ್ ಫೈಲಿನಿಂದ ಇಂಪೋರ್ಟ್ ಮಾಡಿದ್ದೇವೆ. ನಮ್ಮ ಪ್ರಾಜೆಕ್ಟಿನಲ್ಲಿ ಕ್ನಿಪ್‌ಗೆ ಅದು ಕಾಣಲಿಲ್ಲ, ಬಳಕೆಯಲ್ಲಿಲ್ಲ ಅಂತ ಪಟ್ಟಿಗೆ ಸೇರಿಸಿತು. ಅದನ್ನು ನಂಬಿ ತೆಗೆದಿದ್ದರೆ ದರಪಟ್ಟಿಯ ಅಕ್ಷರಗಳ ರೂಪವೇ ಬದಲಾಗುತ್ತಿತ್ತು. ಕನ್ನಡ ಸೈಟು ಮಾಡುವವರು ಇದನ್ನು ಗಮನಿಸಲೇಬೇಕು. ಕ್ನಿಪ್‌ನ ಕಾನ್ಫಿಗ್ ಫೈಲಾದ ಕ್ನಿಪ್.ಜೇಸನ್‌ನ ಇಗ್ನೋರ್ ಡಿಪೆಂಡೆನ್ಸೀಸ್‌ನಲ್ಲಿ ಫಾಂಟಿನ ಹೆಸರು ಹಾಕಿದ ಮೇಲೆ ಸರಿಹೋಯಿತು.

ಹಾಗಾಗಿ ಬೇಡದ್ದನ್ನು ಕ್ನಿಪ್ ತಾನೇ ತೆಗೆಯುವಂತೆ ಮಾಡುವ ಫಿಕ್ಸ್ ಆಯ್ಕೆ ಕೊಡುವ ಮುಂಚೆ ಪಟ್ಟಿಯನ್ನು ಒಂದೊಂದಾಗಿ ಓದಿ, ಗಿಟ್‌ನಲ್ಲಿ ಕಮಿಟ್ ಮಾಡಿಟ್ಟುಕೊಳ್ಳಿ. ಫಿಕ್ಸ್ ಆದ ಮೇಲೆ ಎನ್‌ಪಿಎಂ ಇನ್‌ಸ್ಟಾಲ್ ಓಡಿಸಲೇಬೇಕು. ಇಲ್ಲದಿದ್ದರೆ ಪ್ಯಾಕೇಜುಗಳ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲೂ ನೋಡ್ ಮಾಡ್ಯೂಲ್ಸೂ ಹಳೆಯದೇ ಇರುತ್ತವೆ.

ದೋಷ ಸಿಕ್ಕರೆ ಕ್ನಿಪ್ ಎರರ್ ಕೋಡ್ ಕೊಟ್ಟು ನಿಲ್ಲುತ್ತದೆ. ಅದಕ್ಕೇ ಈಗ ಪ್ರತಿ ಪುಲ್ ರಿಕ್ವೆಸ್ಟಿಗೂ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಇದನ್ನು ಓಡಿಸುತ್ತೇವೆ. ಕೋಡ್ ತೆಗೆದವರೇ ಅದರ ಪ್ಯಾಕೇಜನ್ನೂ ತೆಗೆದು ಕಳಿಸುತ್ತಾರೆ.