ಕಡುಬು ಗೆದ್ದಿತು, ರೊಟ್ಟಿ ಬಿರಿಯಿತು

ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಈ ಸಣ್ಣ ಮೆಸ್ಸಲ್ಲಿ ಮಲೆನಾಡು, ಬಯಲುಸೀಮೆ ಎರಡರ ಊಟವೂ ಸಿಗುತ್ತೆ. ಕಡುಬು ಅಪ್ಪಟ. ಒಂದು ಪಾವು ಅಕ್ಕಿತರಿಗೆ ಎರಡು ಪಾವು ನೀರು. ಕುದಿ ಬಂದಾಗ ಉಪ್ಪು ಹಾಕಿ, ತರಿ ಸುರಿದು, ಗಂಟಾಗದಂತೆ ತೊಳಸಿ, ಬಿಸಿಯಿರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ 20 ನಿಮಿಷ ಹಬೆಯಲ್ಲಿ ಬೇಯಿಸುತ್ತಾರೆ. ಮುರಿದರೆ ಒಳಗೆ ತರಿ ಕಾಣಬೇಕು, ಇಲ್ಲಿ ಕಾಣುತ್ತೆ. ನುಣ್ಣನೆ ಹಿಟ್ಟಿನ ಕಡುಬು ಹಲ್ಲಿಗೆ ಮೆತ್ತಿಕೊಳ್ಳುತ್ತೆ, ಅದು ಕಡುಬೇ ಅಲ್ಲ. ಜೊತೆಗೆ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆಯ ಪಲ್ಯ. ಮೂರು ದಿನ ನೆನೆಸಿ ದಿನಾ ನೀರು ಬದಲಿಸಿದ್ದು ಮೊದಲ ತುತ್ತಿಗೇ ಗೊತ್ತಾಗುತ್ತೆ, ಕಹಿ ಎಳ್ಳಷ್ಟೂ ಇಲ್ಲ.

ಜೋಳದ ರೊಟ್ಟಿ ಮಾತ್ರ ಸೋತಿದೆ. ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಕುದಿನೀರು ಹಾಕಿ ಚೆನ್ನಾಗಿ ನಾದಿದರಷ್ಟೇ ಹಿಟ್ಟು ಕೂಡುತ್ತೆ. ಹಿಟ್ಟು ಹಳತಾದರೆ ತಟ್ಟುವಾಗ ಅಂಚು ಬಿರಿಯುತ್ತೆ, ಇಲ್ಲಿ ಆಗಿರುವುದೂ ಅದೇ. ಮಲೆನಾಡಿನ ಮಳೆಗಾಲದ ತೇವಕ್ಕೆ ಹಿಟ್ಟು ಬೇಗ ಮುಗ್ಗುತ್ತೆ, ವಾರಕ್ಕಾಗುವಷ್ಟು ಮಾತ್ರ ಬೀಸಿಸಬೇಕು. ಎಣ್ಣೆಗಾಯಿಗೆ ಬೆಲ್ಲ ಜಾಸ್ತಿ, ಹುಬ್ಬಳ್ಳಿ ಕಡೆಯವರು ಒಪ್ಪಲಿಕ್ಕಿಲ್ಲ. ಗುರೆಳ್ಳು ಚಟ್ನಿಪುಡಿ ಚಲೋ ಇದೆ. ಮಧ್ಯಾಹ್ನ 2ರ ಮೇಲೆ ಹೋದರೆ ಕಡುಬು ಖಾಲಿ.