ಪೆನ್ಸಿಲ್ ನಂತರ ಇದ್ದಿಲೋ, ಶಾಯಿಯ ಚುಕ್ಕಿಯೋ?

ಪೆನ್ಸಿಲ್ ಚಿತ್ರದಲ್ಲಿ ಕೈ ಕುದುರಿದೆ, ಮುಂದೇನು ಎಂದು ಕೇಳಿದ್ದೀರಿ. ಚಿಕ್ಕಬಳ್ಳಾಪುರದವರಾದ ನಿಮಗೆ ಇದ್ದಿಲು, ಶಾಯಿಯ ಚುಕ್ಕಿ ಎರಡಕ್ಕೂ ವಸ್ತು ಹತ್ತಿರದಲ್ಲೇ ಇದೆ.

ನಂದಿಬೆಟ್ಟದ ಮುಂಜಾವಿನ ಮಂಜಿಗೆ ಇದ್ದಿಲೇ ಸರಿ. ಬೆರಳಿನಿಂದ ತೀಡಿದರೆ ಬಂಡೆಯ ಅಂಚು ಕರಗುತ್ತದೆ. ತಪ್ಪಿದರೆ ಮೆದು ರಬ್ಬರ್ ಒತ್ತಿ ತೆಗೆಯಬಹುದು. ತೆಗೆದ ಜಾಗವೇ ಬೆಳಕಾಗುತ್ತದೆ. ವಿವರಗಳಿಗೆ ಅಂಟಿಕೊಂಡ ಕೈಯನ್ನು ಇದು ಬಿಡಿಸುತ್ತದೆ, ನನ್ನ ಒಲವೂ ಇದರತ್ತಲೇ. ಆದರೆ ಒರಟು ಕಾಗದ ಬೇಕು, ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಫಿಕ್ಸೆಟಿವ್ ದ್ರವ ಸಿಂಪಡಿಸದಿದ್ದರೆ ಪುಡಿ ಉದುರುತ್ತದೆ, ಖರ್ಚು ಅಲ್ಲಿಯೇ.

ಭೋಗನಂದೀಶ್ವರ ದೇವಾಲಯದ ಕಲ್ಯಾಣ ಮಂಟಪದ ಕೆತ್ತನೆಯ ಕಂಬಗಳಿಗೆ ಚುಕ್ಕಿ, ಅಂದರೆ ಶಾಯಿಯ ಚುಕ್ಕಿಗಳನ್ನಿಟ್ಟೇ ನೆರಳು ಮೂಡಿಸುವ ಬಗೆ, ಒಗ್ಗುತ್ತದೆ. ಪೆನ್ನು, ನಯವಾದ ಕಾಗದ ಸಾಕು. ಪಿಗ್ಮೆಂಟ್ ಶಾಯಿ (ಬಣ್ಣದ ಸಣ್ಣ ಕಣಗಳಿರುವ ಶಾಯಿ) ಬೇಗ ಮಾಸದು, ಅಳಿಸಲೂ ಆಗದು. ದಿನಕ್ಕೆ ಅರ್ಧ ಗಂಟೆಯಷ್ಟೇ ಬಿಡುವಿದ್ದರೆ ಇದನ್ನೇ ಹಿಡಿಯಿರಿ, ಎಲ್ಲಿ ನಿಲ್ಲಿಸಿದರೂ ಮುಂದುವರಿಸಬಹುದು. ಬೆಳಗಿನ ಹೊತ್ತೆಲ್ಲ ಬೆಟ್ಟದ ಮೇಲೆ ಕೂರಬಲ್ಲಿರಾದರೆ ಇದ್ದಿಲು.